ಬೈಪೋಲಾರ್ ಕಾಯಿಲೆ: ಮನಸ್ಸು ಸಮಸ್ಥಿತಿಯಲ್ಲಿರುವಾಗ ಮಾಡಿಡಬೇಕಾದ ಕೆಲಸ

ಜ್ವರ ಬಂದವರಿಗೆ ಜ್ವರ ಬಂದಿದೆಯೆಂದು ಬೇರೆಯವರು ಹೇಳಬೇಕಾಗಿಲ್ಲ. ಮೇನಿಯಾ ಎಂಬ ವಿಪರೀತ ಹುರುಪಿಗೂ ಖಿನ್ನತೆಗೂ ನಡುವೆ ಮನಸ್ಸು ಏರಿಳಿಯುವ ಬೈಪೋಲಾರ್ ಕಾಯಿಲೆಯಲ್ಲಿ ಹಾಗಾಗುವುದಿಲ್ಲ. ಮೇನಿಯಾ ಏರುತ್ತಿರುವ ವ್ಯಕ್ತಿಗೆ ತಾನು ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ ಎನಿಸುತ್ತದೆ. ಖಿನ್ನತೆಗೆ ಜಾರುತ್ತಿರುವ ವ್ಯಕ್ತಿಗೆ ಅದೊಂದು ಕಾಯಿಲೆಯೆಂದು ತೋರದೆ, ತನ್ನ ಯೋಗ್ಯತೆಯೇ ಇಷ್ಟು ಎಂದು ತೋರುತ್ತದೆ. ಏರುಪೇರನ್ನು ಗುರುತಿಸಬೇಕಾದ ಮನಸ್ಸೇ ಏರುಪೇರಿಗೆ ಸಿಕ್ಕಿರುತ್ತದೆ. ಈ ಸಂಗತಿಯನ್ನು ಮನಗಂಡರೆ, ಈ ಕಾಯಿಲೆ ಇರುವವರಿಗೆ ವೈದ್ಯರು ಕೊಡುವ ಸಲಹೆಗಳಲ್ಲಿ ಹೆಚ್ಚಿನವು ಏಕೆ ಹಾಗಿವೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ನಿದ್ದೆಯ ಗಂಟೆಗಳನ್ನು ಬರೆದಿಡುವುದು, ಮಾತ್ರೆಯ ಹೊತ್ತನ್ನು ತಪ್ಪಿಸದಿರುವುದು, ಹಣದ ವ್ಯವಹಾರಕ್ಕೆ ಮೊದಲೇ ಒಂದು ಕಟ್ಟುಪಾಡು ಹಾಕಿಕೊಳ್ಳುವುದು, ಇವೆಲ್ಲ ಮನಸ್ಸು ಸಮಸ್ಥಿತಿಯಲ್ಲಿರುವಾಗ ಮಾಡಿಟ್ಟು, ಅದು ತಪ್ಪಿದಾಗ ಉಪಯೋಗಕ್ಕೆ ಬರುವ ಏರ್ಪಾಡುಗಳು.

ಕಾಯಿಲೆಯ ರೂಪವನ್ನು ಮೊದಲು ಸ್ಥೂಲವಾಗಿ ಹೇಳಿಬಿಡಬಹುದು. ಕನಿಷ್ಠ ಒಂದು ವಾರ ಕಾಲ ಉಬ್ಬಿದ ಅಥವಾ ಸಿಡುಕಿನ ಮನಃಸ್ಥಿತಿ, ನಿದ್ದೆ ಬೇಡವೆನಿಸುವಷ್ಟು ಚೈತನ್ಯ, ನಿಲ್ಲದ ಮಾತು, ಓಡುವ ಆಲೋಚನೆಗಳು, ದುಡುಕಿನ ನಿರ್ಧಾರಗಳು ಕಂಡು ದಿನನಿತ್ಯದ ಬದುಕು ಅಸ್ತವ್ಯಸ್ತವಾದರೆ ಅದನ್ನು ಮೇನಿಯಾ ಎನ್ನುತ್ತಾರೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಒಂದು ವಾರದ ಮಿತಿ ಅನ್ವಯಿಸುವುದಿಲ್ಲ. ಇದೇ ಲಕ್ಷಣಗಳು ಕನಿಷ್ಠ ನಾಲ್ಕು ದಿನ ಇದ್ದು, ಬದುಕನ್ನು ಕೆಡಿಸುವಷ್ಟು ತೀವ್ರವಾಗದಿದ್ದರೆ ಅದು ಹೈಪೋಮೇನಿಯಾ. ಖಿನ್ನತೆಯ ಅವಧಿ ಎನ್ನಲು ಲಕ್ಷಣಗಳು ಎರಡು ವಾರವಾದರೂ ಉಳಿದಿರಬೇಕು. ಒಮ್ಮೆಯಾದರೂ ಪೂರ್ಣ ಮೇನಿಯಾ ಬಂದಿದ್ದರೆ ಬೈಪೋಲಾರ್ 1, ಹೈಪೋಮೇನಿಯಾ ಮತ್ತು ತೀವ್ರ ಖಿನ್ನತೆ ಮಾತ್ರ ಬಂದಿದ್ದರೆ ಬೈಪೋಲಾರ್ 2. ಎರಡನೆಯದು ಮೊದಲನೆಯದಕ್ಕಿಂತ ಹಗುರವೆಂಬ ತಿಳಿವಳಿಕೆ ತಪ್ಪು, ಏಕೆಂದರೆ ಅದರಲ್ಲಿ ಖಿನ್ನತೆಯ ಭಾರ ಬಹಳ ದೀರ್ಘವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯ ಇದು ಹೆಚ್ಚಾಗಿ ಮೊದಲು ಕಾಣಿಸಿಕೊಳ್ಳುವ ವಯಸ್ಸು. ಕುಟುಂಬದಲ್ಲಿ ಹರಿದುಬರುವ ಪ್ರವೃತ್ತಿ ಬಲವಾಗಿದ್ದರೂ, ತಂದೆ ಅಥವಾ ತಾಯಿಗೆ ಕಾಯಿಲೆ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬರುವುದಿಲ್ಲ.

ಜನರ ಕಲ್ಪನೆಯಲ್ಲಿ ಬೈಪೋಲಾರ್ ಎಂದರೆ ಮೇನಿಯಾದ ಅಬ್ಬರ. ವಾಸ್ತವದಲ್ಲಿ ಕಾಯಿಲೆಯ ಹೆಚ್ಚಿನ ದಿನಗಳು ಖಿನ್ನತೆಯವು. ಅಮೆರಿಕದಲ್ಲಿ ಬೈಪೋಲಾರ್ 1 ಇರುವವರನ್ನು ಸರಾಸರಿ 13 ವರ್ಷಗಳಷ್ಟು ಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು ವಾರಗಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಏನಾದರೊಂದು ಲಕ್ಷಣ ಇದ್ದೇ ಇತ್ತು, ಮತ್ತು ಖಿನ್ನತೆಯ ವಾರಗಳು ಮೇನಿಯಾದ ವಾರಗಳಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಿದ್ದವು. ಇದರಿಂದ ಒಂದು ಅಪಾಯವೂ ಹುಟ್ಟುತ್ತದೆ. ಜನ ವೈದ್ಯರ ಬಳಿಗೆ ಹೋಗುವುದು ಖಿನ್ನತೆಯಲ್ಲಿರುವಾಗ; ಹಿಂದೊಮ್ಮೆ ಎರಡು ವಾರ ನಿದ್ದೆಯಿಲ್ಲದೆ ಹುರುಪಿನಿಂದ ಓಡಾಡಿದ್ದನ್ನು ಅವರು ಕಾಯಿಲೆಯೆಂದು ಎಣಿಸದ ಕಾರಣ ಹೇಳುವುದೇ ಇಲ್ಲ. ಆಗ ಸಾಮಾನ್ಯ ಖಿನ್ನತೆಯೆಂದು ತಿಳಿದು ಖಿನ್ನತೆ ನಿವಾರಕ ಔಷಧಿಯನ್ನು ಮಾತ್ರ ಕೊಟ್ಟರೆ, ಕೆಲವರಲ್ಲಿ ಅದು ಮೇನಿಯಾವನ್ನು ಎಬ್ಬಿಸಬಹುದು. ವೈದ್ಯರನ್ನು ಮೊದಲ ಬಾರಿ ಕಾಣುವಾಗ ಮನೆಯವರೊಬ್ಬರು ಜೊತೆಗಿರುವುದು ಒಳ್ಳೆಯದು ಎನ್ನುವುದಕ್ಕೆ ಇದೇ ಕಾರಣ: ರೋಗಿ ಒಳ್ಳೆಯ ಕಾಲವೆಂದು ನೆನೆಯುವ ದಿನಗಳನ್ನು ಮನೆಯವರು ಬೇರೆ ರೀತಿಯಲ್ಲಿ ನೆನಪಿಟ್ಟಿರುತ್ತಾರೆ.

ದಿನನಿತ್ಯದ ನಿರ್ವಹಣೆಯಲ್ಲಿ ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕೆಂದು ಕೇಳಿದರೆ, ಔಷಧಿಯನ್ನು ಬಿಟ್ಟರೆ ನಿದ್ದೆಗೆ ಎಂದೇ ಹೇಳಬೇಕಾಗುತ್ತದೆ. ನಿದ್ದೆ ಕಡಿಮೆಯಾಗುವುದು ಮೇನಿಯಾದ ಲಕ್ಷಣವೂ ಹೌದು, ಅದರ ಕಾರಣವೂ ಹೌದು. ಪ್ರಯಾಣ, ಪರೀಕ್ಷೆ, ಮದುವೆಯ ಓಡಾಟ, ಹೆರಿಗೆ, ರಾತ್ರಿ ಪಾಳಿ, ಹೀಗೆ ಯಾವ ಕಾರಣಕ್ಕಾದರೂ ಕೆಲವು ರಾತ್ರಿ ನಿದ್ದೆಗೆಟ್ಟರೆ ಮೇನಿಯಾ ಶುರುವಾಗಬಹುದು. ಶುರುವಾದ ಮೇನಿಯಾ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಿದ್ರಾಹೀನತೆಯಿಂದ ಬಳಲುವವರು ಮರುದಿನ ಸೋತಿರುತ್ತಾರೆ, ಮಲಗಬೇಕೆಂದು ಹಂಬಲಿಸುತ್ತಾರೆ. ಮೇನಿಯಾ ಏರುತ್ತಿರುವವರು ಮೂರು ಗಂಟೆ ಮಲಗಿ ಎದ್ದರೂ ಮರುದಿನ ಆಯಾಸವೇ ಇಲ್ಲದೆ ಓಡಾಡುತ್ತಾರೆ. ಈ ಎರಡನೆಯ ಬಗೆ ಸತತವಾಗಿ ಎರಡು ಮೂರು ರಾತ್ರಿ ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ದೇಹದ ಗಡಿಯಾರ ಈ ಕಾಯಿಲೆಯಲ್ಲಿ ಸುಲಭವಾಗಿ ಹಳಿ ತಪ್ಪುತ್ತದೆ ಎಂಬ ತಿಳಿವಳಿಕೆಯ ಮೇಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಎಲೆನ್ ಫ್ರಾಂಕ್ ಮತ್ತು ಸಂಗಡಿಗರು ಒಂದು ಚಿಕಿತ್ಸಾಕ್ರಮವನ್ನೇ ರೂಪಿಸಿದರು. ಅದರ ದಿನನಿತ್ಯದ ಭಾಗ ಆಶ್ಚರ್ಯವೆನಿಸುವಷ್ಟು ಸರಳ. ಹಾಸಿಗೆಯಿಂದ ಏಳುವ ಹೊತ್ತು, ಆ ದಿನ ಇನ್ನೊಬ್ಬ ವ್ಯಕ್ತಿಯೊಡನೆ ಮೊದಲ ಬಾರಿ ಒಡನಾಡುವ ಹೊತ್ತು, ಕೆಲಸ ಅಥವಾ ಓದು ಆರಂಭಿಸುವ ಹೊತ್ತು, ರಾತ್ರಿ ಊಟದ ಹೊತ್ತು, ಮಲಗುವ ಹೊತ್ತು, ಈ ಐದನ್ನು ಪ್ರತಿದಿನ ಬರೆದಿಟ್ಟು, ಕ್ರಮೇಣ ಅವು ದಿನದಿಂದ ದಿನಕ್ಕೆ ಹೆಚ್ಚು ಬದಲಾಗದಂತೆ ನೋಡಿಕೊಳ್ಳುವುದು. ಕಾಯಿಲೆಯ ತೀವ್ರ ಹಂತದಲ್ಲಿ ಈ ಚಿಕಿತ್ಸೆ ಪಡೆದವರು ಮುಂದಿನ ಎರಡು ವರ್ಷಗಳಲ್ಲಿ ಹೆಚ್ಚು ಕಾಲ ಮರುಕಳಿಕೆ ಇಲ್ಲದೆ ಉಳಿದರೆಂದು 2005ರಲ್ಲಿ ಅವರು ವರದಿ ಮಾಡಿದರು. ಐದರಲ್ಲಿ ಒಂದನ್ನು ಮಾತ್ರ ಹಿಡಿಯಲು ಸಾಧ್ಯವಿದ್ದರೆ ಏಳುವ ಹೊತ್ತನ್ನು ಹಿಡಿಯುವುದು ಉಚಿತ. ನಿದ್ದೆ ಬರುವ ಗಳಿಗೆ ನಮ್ಮ ಕೈಯಲ್ಲಿರುವುದಿಲ್ಲ, ಏಳುವ ಗಳಿಗೆ ಒಂದು ಮಟ್ಟಿಗೆ ಇರುತ್ತದೆ. ರಜೆಯ ದಿನವೂ ಅದನ್ನು ಒಂದು ಗಂಟೆಗಿಂತ ಹೆಚ್ಚು ಸಡಿಲಿಸದಿದ್ದರೆ ಉಳಿದವು ಕೆಲವು ವಾರಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ.

ಬೆಳಕಿನ ವಿಷಯವೂ ಇದಕ್ಕೆ ಸೇರಿದ್ದೇ. ಬೆಳಗಿನ ಬೆಳಕು ಗಡಿಯಾರವನ್ನು ಸರಿಪಡಿಸಿದರೆ, ರಾತ್ರಿಯ ಬೆಳಕು, ಅದರಲ್ಲೂ ಪರದೆಗಳ ನೀಲಿ ಬೆಳಕು, ಅದನ್ನು ಮುಂದೂಡುತ್ತದೆ. ಮೇನಿಯಾದಿಂದ ಆಸ್ಪತ್ರೆಯಲ್ಲಿದ್ದವರಿಗೆ ಸಂಜೆಯಿಂದ ಬೆಳಗಿನವರೆಗೆ ನೀಲಿ ಬೆಳಕನ್ನು ತಡೆಯುವ ಕಿತ್ತಳೆ ಬಣ್ಣದ ಕನ್ನಡಕ ಹಾಕಿಸಿ ನಾರ್ವೆಯಲ್ಲಿ ಮಾಡಿದ ಸಣ್ಣ ಪ್ರಯೋಗವೊಂದರಲ್ಲಿ, ಔಷಧಿಯ ಜೊತೆಗೆ ಈ ಕನ್ನಡಕ ಹಾಕಿದವರ ಲಕ್ಷಣಗಳು ಒಂದು ವಾರದೊಳಗೆ ಗಮನಾರ್ಹವಾಗಿ ಇಳಿದವು. ಸಣ್ಣ ಪ್ರಯೋಗವಾದ್ದರಿಂದ ಅದನ್ನೇ ನಂಬಿ ಕೂರುವಂತಿಲ್ಲವಾದರೂ, ಕತ್ತಲಾದ ಮೇಲೆ ದೀಪಗಳನ್ನು ಮಂದ ಮಾಡುವುದಕ್ಕೆ ಯಾವ ನಷ್ಟವೂ ಇಲ್ಲ. ಖಿನ್ನತೆಗೆಂದು ತೀಕ್ಷ್ಣ ಬೆಳಕಿನ ಪೆಟ್ಟಿಗೆಯ ಮುಂದೆ ಕೂರುವ ಚಿಕಿತ್ಸೆಯನ್ನು ಮಾತ್ರ ವೈದ್ಯರನ್ನು ಕೇಳದೆ ಆರಂಭಿಸಬಾರದು. ಅದು ಕೆಲವರನ್ನು ಮೇನಿಯಾದ ಕಡೆಗೆ ತಳ್ಳಬಹುದು.

ಇನ್ನು ದಿನಚರಿ ಪುಸ್ತಕದ ಮಾತು. ಮಲಗಿದ ಗಂಟೆಗಳು, ಮನಃಸ್ಥಿತಿಗೆ ಒಂದು ಅಂಕೆ, ಮಾತ್ರೆ ತೆಗೆದುಕೊಂಡದ್ದು ಅಥವಾ ತಪ್ಪಿದ್ದು, ಆ ದಿನದ ವಿಶೇಷ ಘಟನೆ, ಹೆಂಗಸರಿಗೆ ಮುಟ್ಟಿನ ದಿನಗಳು, ಇಷ್ಟಿದ್ದರೆ ಸಾಕು. ಫೋನಿನ ಆ್ಯಪ್ ಆಗಬಹುದು, ಗೋಡೆಯ ಕ್ಯಾಲೆಂಡರ್ ಕೂಡ ಆಗಬಹುದು. ದಿನಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡುವ ದಾಖಲೆ ಖಿನ್ನತೆಯ ದಿನಗಳಲ್ಲಿ ನಿಂತುಹೋಗುತ್ತದೆ, ಮುಖ್ಯವಾಗಿ ಬೇಕಾಗಿದ್ದದ್ದು ಆ ದಿನಗಳ ದಾಖಲೆಯೇ. ಇದರ ನಿಜವಾದ ಬೆಲೆ ತಿಳಿಯುವುದು ಆರೇಳು ತಿಂಗಳ ನಂತರ. ಋತು ಬದಲಾಗುವಾಗ ಏನಾಗುತ್ತದೆ, ಡೋಸ್ ಬದಲಿಸಿದ ಮೇಲೆ ಎಷ್ಟು ದಿನಕ್ಕೆ ಫಲ ಕಂಡಿತು, ಕಳೆದ ಏರಿಕೆಗೆ ಮುನ್ನ ನಿದ್ದೆ ಎಷ್ಟು ದಿನದಿಂದ ಕುಸಿಯುತ್ತಿತ್ತು ಎಂಬುದನ್ನು ನೆನಪು ಸರಿಯಾಗಿ ಹೇಳಲಾರದು. ಖಿನ್ನತೆಯಲ್ಲಿರುವವರು ಕಳೆದ ತಿಂಗಳು ಹೇಗಿತ್ತೆಂದು ಕೇಳಿದರೆ ಪೂರ್ತಿ ಕೆಟ್ಟದಾಗಿತ್ತು ಎನ್ನುತ್ತಾರೆ. ಪುಸ್ತಕದಲ್ಲಿ ಹನ್ನೆರಡು ಒಳ್ಳೆಯ ದಿನಗಳು ಬರೆದಿರುತ್ತವೆ.

ಮರುಕಳಿಕೆಯ ಮುನ್ಸೂಚನೆಗಳು ಒಬ್ಬರಿಂದೊಬ್ಬರಿಗೆ ಬೇರೆಯಾದರೂ, ಒಬ್ಬ ವ್ಯಕ್ತಿಯಲ್ಲಿ ಪ್ರತಿ ಬಾರಿಯೂ ಬಹುಮಟ್ಟಿಗೆ ಅವೇ ಬರುತ್ತವೆ. ಒಬ್ಬರು ಮಧ್ಯರಾತ್ರಿ ಹಳೆಯ ಗೆಳೆಯರಿಗೆಲ್ಲ ಸಂದೇಶ ಕಳಿಸತೊಡಗುತ್ತಾರೆ, ಇನ್ನೊಬ್ಬರು ಒಟ್ಟಿಗೆ ಮೂರು ಹೊಸ ಯೋಜನೆಗಳನ್ನು ಕೈಗೆತ್ತಿಕೊಳ್ಳುತ್ತಾರೆ, ಮತ್ತೊಬ್ಬರಿಗೆ ಬಣ್ಣಗಳು ಹೆಚ್ಚು ಗಾಢವಾಗಿ ಕಾಣುತ್ತವೆ, ಮಗದೊಬ್ಬರು ಬೇರೆಯವರ ನಿಧಾನಕ್ಕೆ ರೇಗುತ್ತಾರೆ. ಈ ಸ್ವಂತ ಚಿಹ್ನೆಗಳನ್ನು ಪಟ್ಟಿ ಮಾಡಿ, ಕಂಡಕೂಡಲೇ ಏನು ಮಾಡಬೇಕೆಂಬುದನ್ನು ಮೊದಲೇ ಬರೆದಿಡುವಂತೆ ರೋಗಿಗಳಿಗೆ ಕಲಿಸಿದ ಬ್ರಿಟನ್ನಿನ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಹಾಗೆ ಕಲಿತವರಲ್ಲಿ ಮುಂದಿನ ಮೇನಿಯಾ ಗಣನೀಯವಾಗಿ ತಡವಾಗಿ ಬಂತು. ಆದರೆ ಖಿನ್ನತೆಯ ಮೇಲೆ ಅದರ ಪರಿಣಾಮ ಕಾಣಲಿಲ್ಲ. ಈ ಎರಡನೆಯ ಭಾಗವನ್ನು ಮರೆಮಾಚದೆ ಹೇಳಬೇಕು. ಮೇನಿಯಾಕ್ಕೆ ಆರಂಭದ ಅಂಚು ಇರುತ್ತದೆ. ಖಿನ್ನತೆ ಹೆಚ್ಚಾಗಿ ಅಂಚಿಲ್ಲದೆ, ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಯುವುದರಿಂದ ಮೊದಲೇ ಹಿಡಿಯುವುದು ಕಷ್ಟ. ಗುಂಪಿನಲ್ಲಿ ಕಲಿಯುವುದರಿಂದಲೂ ಲಾಭವುಂಟು. ಬಾರ್ಸಿಲೋನಾದಲ್ಲಿ ಫ್ರಾನ್ಸೆಸ್ಕ್ ಕೊಲೊಮ್ ಮತ್ತು ಎಡ್ವರ್ಡ್ ವಿಯೆಟಾ 120 ರೋಗಿಗಳೊಡನೆ ನಡೆಸಿದ 21 ತರಗತಿಗಳ ಶಿಕ್ಷಣ ಕಾರ್ಯಕ್ರಮದ ಪ್ರಯೋಜನ ಐದು ವರ್ಷಗಳ ನಂತರವೂ ಉಳಿದಿತ್ತು.

ಹಾಗಾದರೆ ಸಂತೋಷವಾದಾಗಲೆಲ್ಲ ಅನುಮಾನಪಡಬೇಕೇ ಎಂಬ ಪ್ರಶ್ನೆ ಈ ಕಾಯಿಲೆ ಇರುವವರನ್ನು ಬಹುವಾಗಿ ಕಾಡುತ್ತದೆ. ಒಂದು ಗಟ್ಟಿ ನಗುವಿಗೂ ಮನೆಯವರು ಮುಖ ಮುಖ ನೋಡಿಕೊಳ್ಳುವುದು ನಿಜಕ್ಕೂ ಹಿಂಸೆಯ ಸಂಗತಿ. ಸಾಮಾನ್ಯ ಸಂತೋಷಕ್ಕೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ, ಅದು ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ, ನಿದ್ದೆಯನ್ನು ಕಸಿದುಕೊಳ್ಳುವುದಿಲ್ಲ. ಮನಃಸ್ಥಿತಿಯ ಜೊತೆಗೆ ನಿದ್ದೆ, ಮಾತಿನ ವೇಗ, ಖರ್ಚು ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಟ್ಟಿಗೆ ಬದಲಾದರೆ ಮಾತ್ರ ಬರೆದಿಟ್ಟ ಎಚ್ಚರಿಕೆಯ ಯೋಜನೆಯನ್ನು ತೆರೆದು ನೋಡಬೇಕೆಂದು ಮೊದಲೇ ಒಪ್ಪಿಕೊಂಡಿದ್ದರೆ, ಉಳಿದ ನಗುವನ್ನು ಎಲ್ಲರೂ ನಗುವಾಗಿಯೇ ಸ್ವೀಕರಿಸಬಹುದು.

ಔಷಧಿಗಳ ಪೈಕಿ ಲಿಥಿಯಂ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೇನಿಯಾದ ಮೇಲೆ ಅದರ ಪರಿಣಾಮವನ್ನು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ವರದಿ ಮಾಡಿದರು. ದುರ್ದೈವದಿಂದ, ಅದೇ ವರ್ಷ ಅಮೆರಿಕದಲ್ಲಿ ಅಡುಗೆ ಉಪ್ಪಿಗೆ ಬದಲಾಗಿ ಲಿಥಿಯಂ ಕ್ಲೋರೈಡ್ ಬಳಸಿದ ಕೆಲವರು ವಿಷವೇರಿ ಸತ್ತ ಕಾರಣ ಅಲ್ಲಿ ಅದರ ಹೆಸರು ಕೆಟ್ಟಿತು. ಡೆನ್ಮಾರ್ಕಿನ ಮೊಗೆನ್ಸ್ ಶೌ ಮುಂತಾದವರ ಸಂಶೋಧನೆಗಳು ಮುಂದುವರಿದು, ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1970ರಲ್ಲಿ. ಮರುಕಳಿಕೆಯನ್ನು ತಡೆಯುವುದರಲ್ಲಿ ಇಂದಿಗೂ ಅದು ಮುಂಚೂಣಿಯ ಔಷಧಿ, ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂಬುದಕ್ಕೂ ಸಾಕಷ್ಟು ಆಧಾರವಿದೆ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಚಿಕ್ಕದು. ದೀರ್ಘಕಾಲದ ಬಳಕೆಯಲ್ಲಿ ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರುವಂತೆ ಹೆಚ್ಚಾಗಿ ನೋಡಿಕೊಳ್ಳುತ್ತಾರೆ, 1.5 ದಾಟಿದರೆ ವಿಷದ ಲಕ್ಷಣಗಳು ಕಾಣಬಹುದು. ಕೊನೆಯ ಡೋಸ್ ತೆಗೆದುಕೊಂಡ 12 ಗಂಟೆಗಳ ನಂತರ ರಕ್ತ ಕೊಟ್ಟರೆ ಮಾತ್ರ ಪರೀಕ್ಷೆಯ ಅಂಕೆಗೆ ಅರ್ಥವಿರುತ್ತದೆ ಎಂಬುದನ್ನು ಎಷ್ಟೋ ಜನರಿಗೆ ಯಾರೂ ಹೇಳಿರುವುದಿಲ್ಲ. ಮೂತ್ರಪಿಂಡ, ಥೈರಾಯ್ಡ್ ಮತ್ತು ಕ್ಯಾಲ್ಸಿಯಂ ಪರೀಕ್ಷೆಗಳನ್ನೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮಾಡಿಸಬೇಕು.

ಲಿಥಿಯಂ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ, ಮತ್ತು ಮೂತ್ರಪಿಂಡ ಅದನ್ನು ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ಆದ್ದರಿಂದ ವಾಂತಿಭೇದಿ, ಅತಿಯಾದ ಬೆವರು, ನೀರು ಕುಡಿಯದ ಉಪವಾಸ, ಊಟದ ಉಪ್ಪನ್ನು ಇದ್ದಕ್ಕಿದ್ದಂತೆ ಕಡಿಮೆ ಮಾಡುವುದು, ಇವೆಲ್ಲ ರಕ್ತದಲ್ಲಿ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಮತ್ತು ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಿಗಳೂ ಹಾಗೆಯೇ ಮಾಡುತ್ತವೆ. ತಲೆನೋವಿಗೆಂದು ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳುವಾಗಲೂ ತಾನು ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆಂದು ಹೇಳಬೇಕಾದದ್ದು ಇದಕ್ಕಾಗಿ. ಕೈ ದೊಡ್ಡದಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು, ವಾಂತಿ, ಗೊಂದಲ ಕಂಡರೆ ಮುಂದಿನ ಮಾತ್ರೆಯನ್ನು ತಡೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಉಳಿದ ಔಷಧಿಗಳಿಗೂ ಅವುಗಳದೇ ಆದ ಕಟ್ಟಳೆಗಳಿವೆ. ಲ್ಯಾಮೊಟ್ರಿಜಿನ್ ಮುಖ್ಯವಾಗಿ ಖಿನ್ನತೆಯ ಮರುಕಳಿಕೆಯನ್ನು ತಡೆಯುತ್ತದೆ, ಆದರೆ ಅಪರೂಪಕ್ಕೆ ಪ್ರಾಣಾಂತಕವಾದ ಚರ್ಮದ ಪ್ರತಿಕ್ರಿಯೆ ಬರಬಹುದಾದ್ದರಿಂದ ಅದರ ಡೋಸನ್ನು ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ಮೈಮೇಲೆ ದದ್ದು ಎದ್ದರೆ ಅದನ್ನು ಸಣ್ಣ ಅಲರ್ಜಿಯೆಂದು ಬಿಡುವಂತಿಲ್ಲ. ಸತತವಾಗಿ ಹಲವು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಡೋಸಿಗೆ ನೇರವಾಗಿ ಮರಳುವಂತೆಯೂ ಇಲ್ಲ. ವ್ಯಾಲ್‌ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಗಂಭೀರ ಹಾನಿ ಮಾಡಬಲ್ಲದು, ಹಾಗಾಗಿ ಗರ್ಭ ಧರಿಸುವ ಸಾಧ್ಯತೆ ಇರುವವರಿಗೆ ಅದನ್ನು ಆದಷ್ಟು ಕೊಡುವುದಿಲ್ಲ. ಓಲಾಂಜಪೈನ್, ಕ್ವೆಟಿಯಪೈನ್‌ಗಳಿಂದ ತೂಕ, ಸಕ್ಕರೆ, ಕೊಬ್ಬಿನ ಅಂಶ ಏರಬಹುದು. ಗರ್ಭಧಾರಣೆಯನ್ನು ಯೋಚಿಸುತ್ತಿರುವವರು ಮೊದಲೇ ವೈದ್ಯರೊಡನೆ ಮಾತಾಡಬೇಕಾದದ್ದು ಔಷಧಿಯ ಕಾರಣಕ್ಕೆ ಮಾತ್ರವಲ್ಲ. ಹೆರಿಗೆಯ ನಂತರದ ಕೆಲವು ವಾರಗಳು ಈ ಕಾಯಿಲೆಯ ಮರುಕಳಿಕೆಗೆ ಅತಿ ಹೆಚ್ಚು ಅಪಾಯದ ಕಾಲ.

ಔಷಧಿ ನಿಲ್ಲಿಸಬೇಕೆನಿಸುವುದು ಸಾಮಾನ್ಯವಾಗಿ ಕಾಯಿಲೆ ಕಾಡುತ್ತಿರುವಾಗ ಅಲ್ಲ, ಚೆನ್ನಾಗಿರುವಾಗ. ಎರಡು ವರ್ಷ ಏನೂ ಆಗದಿದ್ದರೆ ಇನ್ನು ಮಾತ್ರೆ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಮೇನಿಯಾದ ಹುರುಪನ್ನು ನೆನೆದು ಹಂಬಲಿಸುವವರೂ ಇದ್ದಾರೆ, ಕೈನಡುಕ, ತೂಕ, ಮಂಕುತನಗಳಿಂದ ಬೇಸತ್ತವರೂ ಇದ್ದಾರೆ. ಇವು ನಿಜವಾದ ತೊಂದರೆಗಳು. ಅವುಗಳನ್ನು ಹೇಳಿಕೊಂಡಾಗ ಗದರುವ ವೈದ್ಯರಿಗಿಂತ ಡೋಸ್, ಹೊತ್ತು ಅಥವಾ ಔಷಧಿಯನ್ನೇ ಬದಲಿಸಿ ನೋಡುವ ವೈದ್ಯರು ರೋಗಿಯನ್ನು ಹೆಚ್ಚು ಕಾಲ ಕಾಪಾಡುತ್ತಾರೆ. ನಿಲ್ಲಿಸಲೇಬೇಕಾದರೆ ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಇಳಿಸುತ್ತ ಹೋಗಬೇಕು. ಲಿಥಿಯಂ ಅನ್ನು ಥಟ್ಟನೆ ಬಿಟ್ಟರೆ, ಮುಖ್ಯವಾಗಿ ಮೇನಿಯಾ, ಬೇಗ ಮರಳಿ ಬರುವ ಸಂಭವ ಹೆಚ್ಚು.

ಹಣದ ವಿಷಯದಲ್ಲಿ ಮೇನಿಯಾ ಮಾಡುವ ಹಾನಿ ಕಾಯಿಲೆ ಇಳಿದ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ, ಆ ಸಾಲವೇ ಮುಂದಿನ ಖಿನ್ನತೆಗೆ ಗೊಬ್ಬರವಾಗುತ್ತದೆ. ಕ್ರೆಡಿಟ್ ಕಾರ್ಡಿನ ಮಿತಿಯನ್ನು ಕಡಿಮೆ ಮಾಡಿಸುವುದು, ದೊಡ್ಡ ಮೊತ್ತದ ವರ್ಗಾವಣೆಗೆ ಇಬ್ಬರ ಒಪ್ಪಿಗೆ ಬೇಕಾಗುವಂತೆ ಮಾಡುವುದು, ಫೋನಿನಲ್ಲಿ ಉಳಿಸಿಟ್ಟ ಕಾರ್ಡಿನ ವಿವರಗಳನ್ನು ಅಳಿಸುವುದು, ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಯಾವ ಖರೀದಿಯನ್ನೂ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದ ನಂತರವೇ ಮಾಡುವೆನೆಂಬ ನಿಯಮ, ಇವೆಲ್ಲ ಆರೋಗ್ಯದ ದಿನಗಳಲ್ಲಿ ಸ್ವತಃ ವ್ಯಕ್ತಿಯೇ ಮುಂದಾಗಿ ಮಾಡಿಕೊಂಡರೆ ಅವಮಾನದ ಪ್ರಶ್ನೆ ಬರುವುದಿಲ್ಲ. ರಾಜೀನಾಮೆ, ಮದುವೆ, ವಿಚ್ಛೇದನ, ಆಸ್ತಿ ಮಾರಾಟದಂಥ ನಿರ್ಧಾರಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಮತ್ತು ಅದು ಮೇನಿಯಾಕ್ಕೆಷ್ಟೋ ಖಿನ್ನತೆಗೂ ಅಷ್ಟೇ.

ಖಿನ್ನತೆಯ ದಿನಗಳಲ್ಲಿ ಉತ್ಸಾಹ ಬರಲಿ, ಆಮೇಲೆ ಏಳೋಣ ಎಂದು ಕಾಯುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ಈ ಕಾಯಿಲೆ ಮೊದಲು ಕಿತ್ತುಕೊಳ್ಳುವುದೇ ಉತ್ಸಾಹವನ್ನು. ಏಳುವ ಹೊತ್ತಿಗೆ ಎದ್ದು ಕೂರುವುದು, ಸ್ನಾನ, ಹತ್ತು ನಿಮಿಷದ ನಡಿಗೆ, ಒಬ್ಬರೊಡನೆ ಎರಡು ಮಾತು, ಇಷ್ಟನ್ನೇ ಆ ದಿನದ ಕೆಲಸವೆಂದು ಒಪ್ಪಿಕೊಳ್ಳಬೇಕು. ಸಾವಿನ ಯೋಚನೆಗಳು ಬಂದರೆ ಅದನ್ನು ಗುಟ್ಟಾಗಿಡದೆ ಆ ದಿನವೇ ಹೇಳಬೇಕು. ಯಾರಿಗೆ ಮೊದಲು ಫೋನ್ ಮಾಡುವುದು, ಅವರು ಸಿಗದಿದ್ದರೆ ಯಾರಿಗೆ, ಯಾವ ಆಸ್ಪತ್ರೆ, ಯಾವ ಸಹಾಯವಾಣಿ ಎಂಬುದನ್ನು ಬರೆದ ಒಂದು ಹಾಳೆ ಕೈಗೆ ಸಿಗುವಂತಿರಬೇಕು. ಮನೆಯಲ್ಲಿ ಹೆಚ್ಚು ಮಾತ್ರೆಗಳು ಒಟ್ಟಿಗೆ ಇರದಂತೆ, ಅಪಾಯದ ವಸ್ತುಗಳು ಕೈಗೆಟುಕದಂತೆ ನೋಡಿಕೊಳ್ಳಬೇಕು. ಖಿನ್ನತೆಯ ಕತ್ತಲೆಯೂ ಮೇನಿಯಾದ ಚಡಪಡಿಕೆಯೂ ಒಟ್ಟಿಗೆ ಇರುವ ಮಿಶ್ರ ಸ್ಥಿತಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹತಾಶೆಯ ಜೊತೆಗೆ ಅದನ್ನು ಕಾರ್ಯರೂಪಕ್ಕೆ ತರುವ ಕಸುವೂ ಅಲ್ಲಿರುತ್ತದೆ.

ಮನೆಯವರ ಪಾತ್ರ ಸೂಕ್ಷ್ಮವಾದದ್ದು. ಸದಾ ಟೀಕೆ, ಕಾವಲು, ಕೂಗಾಟ ಇರುವ ಮನೆಯಲ್ಲಿ ಮರುಕಳಿಕೆ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮಾತ್ರೆ ತೆಗೆದುಕೊಂಡೆಯಾ ಎಂದು ಪ್ರತಿ ಜಗಳದಲ್ಲೂ ಕೇಳಿದರೆ, ವ್ಯಕ್ತಿಯ ನ್ಯಾಯವಾದ ಸಿಟ್ಟಿಗೂ ಮನೆಯಲ್ಲಿ ಜಾಗವಿಲ್ಲದಂತಾಗುತ್ತದೆ. ಯಾರು, ಯಾವ ಚಿಹ್ನೆಯನ್ನು ಕಂಡಾಗ, ಯಾವ ಮಾತಿನಲ್ಲಿ ಎಚ್ಚರಿಸಬೇಕು, ಎಷ್ಟು ಮೀರಿದರೆ ವೈದ್ಯರಿಗೆ ನೇರವಾಗಿ ಫೋನ್ ಮಾಡಬಹುದು ಎಂಬುದನ್ನು ಕಾಯಿಲೆ ಇರುವವರೇ ಬರೆದು ಕೊಟ್ಟಿದ್ದರೆ, ಮನೆಯವರ ಮಾತು ಹೊರಗಿನಿಂದ ಬಂದ ಹೇರಿಕೆಯಾಗದೆ, ಆ ವ್ಯಕ್ತಿಯೇ ಮೊದಲು ಕೊಟ್ಟಿದ್ದ ಅನುಮತಿಯ ಪಾಲನೆಯಾಗುತ್ತದೆ. ಮದ್ಯ ಮತ್ತು ಗಾಂಜಾ ಈ ಎಲ್ಲ ಏರ್ಪಾಡನ್ನು ಒಂದೇ ವಾರದಲ್ಲಿ ಕೆಡಿಸಬಲ್ಲವು ಎಂಬುದನ್ನೂ ಆ ಹಾಳೆಯಲ್ಲಿ ಸೇರಿಸುವುದು ಒಳಿತು.

ಎಷ್ಟೇ ಎಚ್ಚರವಾಗಿದ್ದರೂ ಕೆಲವರಿಗೆ ಕೆಲವು ಸಲ ಕಾಯಿಲೆ ಮರುಕಳಿಸುತ್ತದೆ, ಅದರಲ್ಲಿ ಅವರ ತಪ್ಪೇನೂ ಇರಬೇಕಾಗಿಲ್ಲ. ಅದು ಇಳಿದ ಮೇಲೆ ಒಂದೆರಡು ತಿಂಗಳೊಳಗೆ, ನೆನಪು ಮಾಸುವ ಮುನ್ನ, ವೈದ್ಯರೂ ಮನೆಯವರೊಬ್ಬರೂ ಜೊತೆಗಿದ್ದು ದಿನಚರಿ ಪುಸ್ತಕವನ್ನು ತಿರುವಿಹಾಕಬೇಕು: ಮೊದಲು ಬದಲಾದದ್ದು ಯಾವುದು, ಅದನ್ನು ಯಾರು ಗಮನಿಸಿದರು, ಗಮನಿಸಿದ ಮೇಲೂ ಎಷ್ಟು ದಿನ ಕಳೆಯಿತು, ಯೋಜನೆಯ ಯಾವ ಸಾಲು ಕೆಲಸಕ್ಕೆ ಬರಲಿಲ್ಲ. ಉತ್ತರಗಳಿಗೆ ತಕ್ಕಂತೆ ಯೋಜನೆಯನ್ನು ತಿದ್ದಿ, ದಿನಾಂಕ ಹಾಕಿ, ಹಳೆಯ ಪ್ರತಿಗಳನ್ನು ವಾಪಸು ಪಡೆದು ಹೊಸದನ್ನು ಅದೇ ಜನರ ಕೈಗೆ ಕೊಡಬೇಕು.